ಅರಸೀಕೆರೆಗೆ ಒಪ್ಪಿಸದ ಪಿಎಚ್‌ಡಿ

ಸಾರ್ವಜನಿಕ ಆರೋಗ್ಯದಲ್ಲಿ ಪಿಎಚ್‌ಡಿ ಮಾಡುತ್ತಿರುವ ಯಾರನ್ನಾದರೂ "ಎಲ್ಲಿಗೆ ಬಂತು?" ಎಂದು ವಿಚಾರಿಸಿ. "ಕೋರ್ಸ್‌ವರ್ಕ್ ಆಯ್ತು, ಡೇಟಾ ಕಲೆಕ್ಷನ್ ಮುಗೀತು, ಇನ್ನೊಂದು ಪೇಪರ್ ಬಂದ್ರೆ ಸಬ್ಮಿಟ್ ಮಾಡೋದೇ" ಎಂಬ ಉತ್ತರ ಸಿಗುತ್ತದೆ. ಗೈಡ್ ಕೇಳುವುದೂ ಅದನ್ನೇ, ವಿಭಾಗದ ಮುಖ್ಯಸ್ಥರು ಕೇಳುವುದೂ ಅದನ್ನೇ, ನಾಳೆ ಕೆಲಸದ ಸಂದರ್ಶನದಲ್ಲಿ ಕೇಳುವುದೂ ಅದನ್ನೇ. ಡೇಟಾ ಕೊಟ್ಟವರಿಗೆ ಏನು ತಿಳಿಸಿದಿರಿ ಎಂದು ಯಾರೂ ಕೇಳುವುದಿಲ್ಲ. ಇಂಗ್ಲಿಷ್ ಜರ್ನಲ್ಲಿನಲ್ಲಿ ಲೇಖನ ಅಚ್ಚಾಗಿ, ಇಂಗ್ಲಿಷ್ ಪ್ರಬಂಧ ಪರೀಕ್ಷಕರ ಕೈ ದಾಟಿದರೆ ಪದವಿ ಪೂರ್ತಿಯಾಯಿತು ಎಂಬುದು ವಿಶ್ವವಿದ್ಯಾಲಯಗಳ ಒಳಗೂ ಹೊರಗೂ ಒಪ್ಪಿತವಾಗಿರುವ ಮಾತು. ಈ ಮಾತು ತಪ್ಪು. ಜನರ ಆರೋಗ್ಯದ ಮೇಲೆ ಮಾಡಿದ ಸಂಶೋಧನೆ ಆ ಜನರ ಮುಂದೆ, ಅವರಿಂದ ಒಪ್ಪಿಗೆ ಪಡೆದ ಭಾಷೆಯಲ್ಲೇ ಮಂಡನೆಯಾಗಿ, ಅವರ ಪ್ರಶ್ನೆಗಳಿಗೆ ಉತ್ತರ ಕೊಡುವ ತನಕ ಮುಗಿದಿಲ್ಲ. ಮುಗಿಯದ ಕೆಲಸಕ್ಕೆ ಪದವಿ ಕೊಡಕೂಡದು.

ಈಗಿರುವ ನಿಯಮವನ್ನು ಮೊದಲು ನೋಡೋಣ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ನವೆಂಬರ್‌ನಲ್ಲಿ ಹೊರಡಿಸಿದ ಪಿಎಚ್‌ಡಿ ನಿಯಮಾವಳಿಯಂತೆ ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮಹಿಳೆಯರಿಗೂ ಅಂಗವಿಕಲರಿಗೂ ಇನ್ನೆರಡು ವರ್ಷದ ರಿಯಾಯಿತಿ ಇದೆ. ಹೆರಿಗೆ, ಶಿಶುಪಾಲನೆಗೆ 240 ದಿನಗಳವರೆಗೆ ರಜೆ ಇದೆ. 12 ಕ್ರೆಡಿಟ್‌ಗೆ ಕಡಿಮೆಯಿಲ್ಲದ ಕೋರ್ಸ್‌ವರ್ಕ್, ಅದರಲ್ಲಿ ಸಂಶೋಧನಾ ನೀತಿಯ ಪಾಠ, ಆರು ತಿಂಗಳಿಗೊಮ್ಮೆ ಸಲಹಾ ಸಮಿತಿಯ ಮುಂದೆ ಪ್ರಗತಿ ವರದಿ, ಕೃತಿಚೌರ್ಯದ ತಪಾಸಣೆ, ಹೊರಗಿನ ಇಬ್ಬರು ಪರೀಕ್ಷಕರು, ಕೊನೆಗೆ ವೈವಾ. 2016ರ ನಿಯಮದಲ್ಲಿ ಪ್ರಬಂಧ ಸಲ್ಲಿಸುವ ಮುಂಚೆ ಜರ್ನಲ್ಲಿನಲ್ಲಿ ಒಂದು ಲೇಖನ, ಸಮ್ಮೇಳನಗಳಲ್ಲಿ ಎರಡು ಮಂಡನೆ ಕಡ್ಡಾಯವಾಗಿದ್ದವು. 2022ರಲ್ಲಿ ಆ ಕಡ್ಡಾಯವನ್ನು ತೆಗೆದುಹಾಕಿದರು. ಆದರೂ ಅನೇಕ ವಿಶ್ವವಿದ್ಯಾಲಯಗಳು ತಮ್ಮ ಸ್ವಂತ ನಿಯಮದಲ್ಲಿ ಅದನ್ನು ಉಳಿಸಿಕೊಂಡಿವೆ. ಉಳಿಸಿಕೊಳ್ಳದ ಕಡೆಯೂ ಗೈಡ್‌ಗಳ ಬಾಯಲ್ಲಿ ಅದು ಕಾನೂನಿನಷ್ಟೇ ಗಟ್ಟಿಯಾಗಿ ನಿಂತಿದೆ.

ಜರ್ನಲ್ ಎಂದರೆ ಗುಣಮಟ್ಟದ ಖಾತ್ರಿ ಎನ್ನುವವರು 2018ರ ಮೇ ತಿಂಗಳನ್ನು ಮರೆಯಬಾರದು. ಯುಜಿಸಿ ತಾನೇ ಒಪ್ಪಿ ಪಟ್ಟಿ ಮಾಡಿದ್ದ ಜರ್ನಲ್ಲುಗಳಲ್ಲಿ 4,305ನ್ನು ಒಂದೇ ಏಟಿಗೆ ಕಿತ್ತುಹಾಕಿತು. ಅದರ ಬದಲಿಗೆ ತಂದ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿತು. ದುಡ್ಡು ಕಟ್ಟಿದರೆ ಅಚ್ಚು ಹಾಕುವ ಜರ್ನಲ್ಲುಗಳ ವ್ಯಾಪಾರ ಬೆಳೆದದ್ದೇ ಈ ಕಡ್ಡಾಯದ ನೆರಳಿನಲ್ಲಿ. ಒಳ್ಳೆಯ ಜರ್ನಲ್ಲುಗಳಿವೆ, ಅವುಗಳ ವಿಮರ್ಶಕರು ಕಷ್ಟಪಟ್ಟು ಓದುತ್ತಾರೆ. ಆ ಓದಿನಿಂದ ಪ್ರಬಂಧ ಸುಧಾರಿಸುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಎಷ್ಟೇ ಒಳ್ಳೆಯ ವಿಮರ್ಶಕರಾದರೂ ಕೋಷ್ಟಕದಲ್ಲಿರುವ ಅಂಕಿ ಹಳ್ಳಿಯಿಂದ ಬಂದದ್ದೋ ಹಾಸ್ಟೆಲ್ ಕೋಣೆಯಲ್ಲಿ ಹುಟ್ಟಿದ್ದೋ ಎಂದು ಹೇಳಲಾರರು. ಕೃತಿಚೌರ್ಯ ಹಿಡಿಯುವ ತಂತ್ರಾಂಶವೂ ಹೇಳಲಾರದು. ವಾಕ್ಯ ಎಲ್ಲಿಂದ ಬಂತು ಎಂಬುದನ್ನಷ್ಟೇ ಅದು ನೋಡುತ್ತದೆ, ಶೇ. 10ರೊಳಗೆ ಹೋಲಿಕೆ ಇದ್ದರೆ ಬಿಟ್ಟುಬಿಡುತ್ತದೆ. ಕೂತಲ್ಲೇ ಫಾರಂ ತುಂಬುವ ಅಭ್ಯಾಸ ನಮ್ಮ ಸಮೀಕ್ಷೆಗಳಲ್ಲಿ ಇದೆ ಎಂಬುದು ಈ ರಂಗದಲ್ಲಿರುವ ಎಲ್ಲರಿಗೂ ಗೊತ್ತಿರುವ ನೋವಿನ ಸಂಗತಿ. ಇದನ್ನು ಹಿಡಿಯಬಲ್ಲವರು ಒಬ್ಬರೇ: ಆ ಊರಿನವರು. "ನಮ್ಮ ಬೀದಿಗೆ ಯಾರೂ ಬಂದೇ ಇಲ್ಲವಲ್ಲ" ಎಂಬ ಒಂದು ಮಾತು ಹತ್ತು ವಿಮರ್ಶಕರ ಟಿಪ್ಪಣಿಗಿಂತ ಹೆಚ್ಚಿನದನ್ನು ಹೇಳುತ್ತದೆ.

ಹಾಸನ ಜಿಲ್ಲೆಯ ಅರಸೀಕೆರೆ ಸೀಮೆಯ ಹಳ್ಳಿಯಲ್ಲಿ ಸಮೀಕ್ಷೆ ನಡೆಯುವ ರೀತಿಯನ್ನು ಹತ್ತಿರದಿಂದ ನೋಡಿದವರಿಗೆ ಅದರ ಕ್ರಮ ಗೊತ್ತು. ಬೆಳಗ್ಗೆ ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ ಮುಂದೆ, ಬ್ಯಾಗು ಹಾಕಿಕೊಂಡ ಸಂಶೋಧಕ ಹಿಂದೆ. ಜಗುಲಿಯ ಮೇಲೆ ಕೊಬ್ಬರಿ ಹರಡಿದ್ದರೆ ಅದನ್ನು ಬದಿಗೆ ಸರಿಸಿ ಚಾಪೆ ಹಾಕುತ್ತಾರೆ. "ಅವ್ವಾ, ಡಾಕ್ಟ್ರು ಬೆಂಗ್ಳೂರಿಂದ ಬಂದವ್ರೆ, ಕೇಳಿದ್ದಕ್ಕೆ ಹೇಳವ್ವ" ಎಂದು ಆಶಾ ಹೇಳಿದರೆ ಮುಗಿಯಿತು, ಆ ಮನೆ ತೆರೆಯುವುದು ಅವಳ ಮುಖ ನೋಡಿ. ಆಮೇಲೆ ಒಪ್ಪಿಗೆ ಪತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ನೀತಿ ಮಾರ್ಗಸೂಚಿಯ ಪ್ರಕಾರ ಅದು ಪಾಲ್ಗೊಳ್ಳುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಹಾಗಾಗಿ ಅದು ಕನ್ನಡದಲ್ಲಿರುತ್ತದೆ. ಓದಲು ಬಾರದ ಅಜ್ಜಿಗೆ ಪೂರ್ತಿ ಓದಿ ಹೇಳಿ, ಸಾಕ್ಷಿಯ ಎದುರು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಬಿಪಿ ನೋಡುತ್ತಾರೆ, ಬೆರಳು ಚುಚ್ಚಿ ಒಂದು ತೊಟ್ಟು ರಕ್ತ ತೆಗೆಯುತ್ತಾರೆ, ಮಕ್ಕಳು ಎಷ್ಟು, ಸತ್ತವರು ಎಷ್ಟು, ಮನೆಯಲ್ಲಿ ಕುಡಿಯುವವರು ಯಾರು ಎಂದು ಕೇಳುತ್ತಾರೆ. ಅಕ್ಕಪಕ್ಕದವರ ಎದುರು ಹೇಳಲಾಗದ್ದನ್ನೂ ಹೇಳಿಸಿಕೊಳ್ಳುತ್ತಾರೆ. ಎದ್ದು ಹೋಗುವಾಗ ಆ ಮನೆಯವರು ಕೇಳುವ ಪ್ರಶ್ನೆ ಒಂದೇ: "ರಿಪೋರ್ಟ್ ಯಾವಾಗ ಬರ್ತದೆ ಸಾರ್?"

ರಿಪೋರ್ಟ್ ಬರುವುದಿಲ್ಲ. ಅದು ಇಂಗ್ಲಿಷಿನಲ್ಲಿ ಶೋಧಗಂಗಾ ಎಂಬ ಜಾಲಕೋಶಕ್ಕೆ ಹೋಗುತ್ತದೆ. ತೆಗೆದುಕೊಳ್ಳುವಾಗ ಕನ್ನಡ ಕಡ್ಡಾಯ, ಕೊಡುವಾಗ ಕನ್ನಡದ ಹೆಸರೇ ಇಲ್ಲ: ಇದು ಈಗಿನ ವ್ಯವಸ್ಥೆ. ಕನ್ನಡದ ಒಪ್ಪಿಗೆ ಪತ್ರ ಸರಿಯಾಗಿದೆಯೇ ಎಂದು ನೋಡಲು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಹೋಲಿಸುವಷ್ಟು ಕಟ್ಟುನಿಟ್ಟಾದ ನೀತಿ ಸಮಿತಿಗಳಿವೆ. ಅದೇ ಸಮಿತಿ ಪ್ರಬಂಧ ಮುಗಿದ ಮೇಲೆ "ಆ ಅಜ್ಜಿಗೆ ಏನು ಹೇಳಿದಿರಿ?" ಎಂದು ಕೇಳಿದ್ದನ್ನು ನಾನು ಕೇಳಿಲ್ಲ. ಫಲಿತಾಂಶವನ್ನು ಸಮುದಾಯಕ್ಕೆ ತಿಳಿಸಬೇಕೆಂಬ ಆಶಯ ಅದೇ ಮಾರ್ಗಸೂಚಿಯಲ್ಲಿದೆ. ಆಶಯವಾಗಿಯೇ ಉಳಿದಿದೆ. ಪದವಿಗೆ ಕಟ್ಟಿಹಾಕದ ಆಶಯವನ್ನು ಮೂರನೇ ವರ್ಷದ ಒತ್ತಡದಲ್ಲಿರುವ ವಿದ್ಯಾರ್ಥಿ ಪಾಲಿಸುತ್ತಾನೆಂದು ನಂಬುವುದು ಅವನಿಗೂ ಅನ್ಯಾಯ, ಹಳ್ಳಿಗೂ ಅನ್ಯಾಯ.

ಇದನ್ನೆಲ್ಲ ಕೇಳಿ ವಿದ್ವಾಂಸರು ಹೇಳುವುದು ಹೀಗೆ: "ಊರಿಗೆ ತಿಳಿಸುವುದು ಒಳ್ಳೆಯದೇ, ಆದರೆ ಅದು ಸೇವೆ, ಸಂಶೋಧನೆಯಲ್ಲ." ನನ್ನ ದೊಡ್ಡ ತಕರಾರು ಈ ಮಾತಿನ ಮೇಲೆಯೇ. ಊರಿನ ಮುಂದೆ ಮಂಡಿಸುವುದು ಸಂಶೋಧನೆಯ ಭಾಗ, ಅದಿಲ್ಲದ ಸಂಶೋಧನೆ ತಪ್ಪುಗಳನ್ನು ಹೊತ್ತುಕೊಂಡೇ ಪದವಿ ಪಡೆಯುತ್ತದೆ.

ಅರಸೀಕೆರೆಯ ನೀರನ್ನೇ ತೆಗೆದುಕೊಳ್ಳಿ. ಮಳೆ ಕಡಿಮೆಯ, ತೆಂಗು ಮತ್ತು ರಾಗಿಯ ಬಯಲುಸೀಮೆ. ಕೆರೆ ಬತ್ತಿದಂತೆ ಕೊಳವೆಬಾವಿ ಆಳಕ್ಕಿಳಿಯಿತು, ಆಳದ ಬಂಡೆಯಿಂದ ನೀರಿನ ಜೊತೆ ಫ್ಲೋರೈಡ್ ಮೇಲೆ ಬಂತು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದಕ್ಕಿಂತ ಹೆಚ್ಚಾದರೆ ಹುಟ್ಟುವ ಹಲ್ಲಿನ ಮೇಲೆ ಕಂದು ಗೆರೆ, ವರ್ಷಗಟ್ಟಲೆ ಕುಡಿದರೆ ಕೀಲು, ಬೆನ್ನು ಬಿಗಿಯುವುದು. ಈಗ ಒಬ್ಬ ಸಂಶೋಧಕಿ ಪ್ರಶ್ನಾವಳಿ ಹಿಡಿದು ಬರುತ್ತಾಳೆ ಎಂದುಕೊಳ್ಳಿ. "ಕುಡಿಯುವ ನೀರು ಯಾವುದು?" ಉತ್ತರ: "ಫಿಲ್ಟರ್ ನೀರು." ಪಂಚಾಯಿತಿಯ ಶುದ್ಧ ನೀರಿನ ಘಟಕಕ್ಕೆ ಐದು ರೂಪಾಯಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಂಡು ಬರುವ ನೀರು. ಅವಳು ಆ ಮನೆಯನ್ನು 'ಸುರಕ್ಷಿತ ನೀರು' ಎಂಬ ಕಾಲಂಗೆ ಹಾಕುತ್ತಾಳೆ. ಲೆಕ್ಕ ಮುಗಿದಾಗ ಸುರಕ್ಷಿತ ನೀರು ಕುಡಿಯುವ ಮನೆಯ ಮಕ್ಕಳ ಹಲ್ಲೂ ಕೆಟ್ಟಿರುವುದು ಕಂಡುಬರುತ್ತದೆ. ಸಂಬಂಧ 'ಗಣನೀಯವಲ್ಲ' ಎಂದು ಪ್ರಬಂಧದಲ್ಲಿ ಬರೆಯುತ್ತಾಳೆ. ಪರೀಕ್ಷಕರು ಒಪ್ಪುತ್ತಾರೆ. ಜರ್ನಲ್ ಅಚ್ಚು ಹಾಕುತ್ತದೆ.

ಇದೇ ಕೋಷ್ಟಕವನ್ನು ಆ ಊರಿನ ಅರಳಿಕಟ್ಟೆಯ ಮುಂದೆ ಓದಿ ನೋಡಿ. ಅಡುಗೆ ಮಾಡುವ ಹೆಂಗಸರು ಮೊದಲನೇ ನಿಮಿಷಕ್ಕೇ ಹೇಳುತ್ತಾರೆ: ಫಿಲ್ಟರ್ ನೀರು ಲೋಟಕ್ಕೆ ಮಾತ್ರ. ಮುದ್ದೆಯ ಎಸರಿಗೆ, ಸಾರಿಗೆ, ಕಾಫಿಗೆ ನಲ್ಲಿಯದೇ ನೀರು. ಕ್ಯಾನಿನ ನೀರು ಹೊತ್ತು ತಂದು ಅಡುಗೆಗೆ ಸುರಿಯುವವರು ಯಾರು? ಘಟಕ ಕೆಟ್ಟರೆ ರಿಪೇರಿಯವನು ಬರುವ ತನಕ ಲೋಟಕ್ಕೂ ಕೊಳವೆಬಾವಿಯೇ ಗತಿ. ಮಗು ಶಾಲೆಯಲ್ಲಿ, ಹೊಲದಲ್ಲಿ ಕುಡಿಯುವುದು ಇನ್ನೊಂದು ನೀರು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ ಎಂಬುದು ಸಂಶೋಧಕಿಗೆ ಗೊತ್ತು, ಎಸರು ಯಾವ ನೀರಿನದು ಎಂಬುದು ಆ ಹೆಂಗಸರಿಗೆ ಗೊತ್ತು. ಎರಡೂ ಸೇರಿದರೆ ಮಾತ್ರ ವಿಜ್ಞಾನ. ಆ ಒಂದು ಸಂಜೆಯಲ್ಲಿ ಅವಳ ಪ್ರಬಂಧದ ನಡುವಿನ ಅಧ್ಯಾಯ ಬಿದ್ದುಹೋಗುತ್ತದೆ, ಬಿದ್ದು ಸರಿಯಾಗುತ್ತದೆ. ಇದನ್ನು ಸೇವೆ ಎನ್ನುತ್ತೀರಾ?

ಹಾಸನ ಜಿಲ್ಲೆಯ ಮೇಲೆ ಬರೆಯುವ ಪ್ರಬಂಧಗಳಿಗೆ ಇನ್ನೊಂದು ಕಾಯಿಲೆ ಇದೆ. ಸರಾಸರಿ. ಅರಸೀಕೆರೆ, ಬೇಲೂರು, ಹಳೇಬೀಡು ಮೂರನ್ನೂ ಒಂದೇ ಸ್ಯಾಂಪಲ್ಲಿನಲ್ಲಿ ಬೆರೆಸಿ 'ಗ್ರಾಮೀಣ ಹಾಸನ' ಎಂದು ಬರೆಯುತ್ತಾರೆ. ಬೇಲೂರಿನ ಪಶ್ಚಿಮಕ್ಕೆ ಹೋದರೆ ಮಲೆನಾಡು. ಕಾಫಿ ತೋಟ, ಲೈನ್ ಮನೆಗಳು, ಆನೆಯ ಭಯದಲ್ಲಿ ಸಂಜೆಯಾದರೆ ಬಾಗಿಲು ಹಾಕಿಕೊಳ್ಳುವ ಊರುಗಳು. ಅಲ್ಲಿ ಕೆಲಸಕ್ಕೆ ಬಂದವರಲ್ಲಿ ಅಸ್ಸಾಮಿನವರಿದ್ದಾರೆ. ಅವರ ಹೆಸರು ಇಲ್ಲಿಯ ಯಾವ ತಾಯಿ ಕಾರ್ಡಿನಲ್ಲೂ ಇರದೆ ಹೋಗಬಹುದು. ಬೇಲೂರಿನಿಂದ 16 ಕಿಲೋಮೀಟರ್ ದೂರದ ಹಳೇಬೀಡು ಹೋಬಳಿಗೆ ಬಂದರೆ ಶುಂಠಿ, ಆಲೂಗೆಡ್ಡೆ, ಮುಸುಕಿನ ಜೋಳ. ಬೆನ್ನಿಗೆ ಕ್ಯಾನು ಕಟ್ಟಿಕೊಂಡು, ಬಾಯಿಗೆ ಟವೆಲು ಸುತ್ತಿ ಔಷಧಿ ಹೊಡೆಯುವ ಗಂಡಸರು, ಅದೇ ಹೊಲದಲ್ಲಿ ಬರಿಗೈಯಲ್ಲಿ ಕಳೆ ಕೀಳುವ ಹೆಂಗಸರು. ಅರಸೀಕೆರೆಯ ಹಲ್ಲು, ಹಳೇಬೀಡಿನ ಉಸಿರು, ಬೇಲೂರು ತೋಟದ ಬಾಣಂತಿ ಈ ಮೂರರ ಸರಾಸರಿ ಯಾವ ಊರಿನ ಆರೋಗ್ಯವೂ ಅಲ್ಲ. ತಾಲ್ಲೂಕಿಗೆ ಹೋಗಿ ಮಂಡಿಸಬೇಕು ಎಂಬ ನಿಯಮ ಇದ್ದರೆ ಸಂಶೋಧಕರು ಮೊದಲ ದಿನದಿಂದಲೇ ಈ ಸರಾಸರಿಯನ್ನು ಬಿಡಿಸಿ ಬರೆಯುತ್ತಾರೆ, ಏಕೆಂದರೆ ಅರಸೀಕೆರೆಯವರು "ನಮ್ಮದೆಷ್ಟು ಹೇಳಿ" ಎಂದು ಕೇಳಿಯೇ ಕೇಳುತ್ತಾರೆ. ಅಸ್ಸಾಮಿನ ಕೂಲಿಯವರ ಒಪ್ಪಿಗೆಯನ್ನು ಅವರ ಭಾಷೆಯಲ್ಲಿ ಪಡೆದಿದ್ದರೆ ಫಲಿತಾಂಶವನ್ನೂ ಅದರಲ್ಲೇ ಹೇಳಬೇಕು. ನಾನು ಹೇಳುತ್ತಿರುವುದು ಕನ್ನಡದ ಅಭಿಮಾನದ ಮಾತಲ್ಲ. ಪಡೆದ ಭಾಷೆಯಲ್ಲೇ ಒಪ್ಪಿಸುವ ಮಾತು.

ಒಪ್ಪಿಸದಿದ್ದರೆ ಏನಾಗುತ್ತದೆ ಎಂಬುದನ್ನು ಈ ಜಿಲ್ಲೆ 2025ರಲ್ಲಿ ಅನುಭವಿಸಿತು. ಮೇ ಕೊನೆಯಿಂದ ಜುಲೈವರೆಗೆ ಹಾಸನದಲ್ಲಿ ಹೃದಯಾಘಾತದಿಂದ ಯುವಕರು ಸಾಯುತ್ತಿದ್ದಾರೆಂಬ ಸುದ್ದಿ ಟಿವಿಗಳಲ್ಲಿ ದಿನಕ್ಕೊಂದು ಸಂಖ್ಯೆ ಏರಿಸಿಕೊಂಡು ಓಡಿತು. ಜನ ನಸುಕಿನಲ್ಲೇ ಎದ್ದು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. ಮುಖ್ಯಮಂತ್ರಿಗಳು ಕೋವಿಡ್ ಲಸಿಕೆಯ ಮೇಲೆ ಅನುಮಾನ ವ್ಯಕ್ತಪಡಿಸಿದರು. ಕೇಂದ್ರ ಆರೋಗ್ಯ ಸಚಿವಾಲಯ ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನಗಳನ್ನು ಮುಂದಿಟ್ಟು ಅದನ್ನು ತಳ್ಳಿಹಾಕಿತು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಪರಿಶೀಲಿಸಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧವೇ ಇಲ್ಲದವು, ಉಳಿದ 20ರಲ್ಲಿ 10 ಹೃದ್ರೋಗವೆಂದು ಖಚಿತವಾದವು, 10 ಇರಬಹುದೆಂದು ಊಹಿಸಬಹುದಾದವು. ಸಾವುಗಳು ಅಸಹಜವಾಗಿ ಏರಿಲ್ಲ ಎಂದು ಸಮಿತಿ ಹೇಳಿತು. ಅಷ್ಟರಲ್ಲಿ ಭಯ ತನ್ನ ಕೆಲಸ ಮಾಡಿ ಮುಗಿಸಿತ್ತು.

ಆ ದಿನಗಳಲ್ಲಿ ಪ್ರತಿ ಮನೆಗೂ ಬೇಕಿದ್ದದ್ದು ಒಂದೇ ಸಂಖ್ಯೆ: ಮಾಮೂಲಿ ವರ್ಷದ ಮಾಮೂಲಿ ತಿಂಗಳಲ್ಲಿ ಈ ಜಿಲ್ಲೆಯಲ್ಲಿ 45 ದಾಟದ ಎಷ್ಟು ಮಂದಿ ಹೃದಯದ ಕಾಯಿಲೆಯಿಂದ ಸಾಯುತ್ತಾರೆ? ಆ ಸಂಖ್ಯೆ ಇಲ್ಲದೆ 'ಹೆಚ್ಚಾಯಿತು' ಎನ್ನುವುದಕ್ಕೂ ಅರ್ಥವಿಲ್ಲ, 'ಹೆಚ್ಚಾಗಿಲ್ಲ' ಎನ್ನುವುದನ್ನು ಜನ ನಂಬುವುದಕ್ಕೂ ಆಧಾರವಿಲ್ಲ. ಮನೆಯಲ್ಲಿ ಆದ ಸಾವಿಗೆ ವೈದ್ಯರ ಕಾರಣ ಪತ್ರ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೆಂದೇ ಸತ್ತವರ ಮನೆಗೆ ಹೋಗಿ ಕೊನೆಯ ದಿನಗಳ ಲಕ್ಷಣ ಕೇಳಿ ಕಾರಣ ಗುರುತಿಸುವ ಪದ್ಧತಿ ಇದೆ. ಭಾರತದ ಮಾದರಿ ನೋಂದಣಿ ವ್ಯವಸ್ಥೆ 2001ರಿಂದ ಅದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದೆ. ಒಬ್ಬ ಪಿಎಚ್‌ಡಿ ವಿದ್ಯಾರ್ಥಿ ಎರಡು ವರ್ಷ ಬೇಲೂರು ತಾಲ್ಲೂಕೊಂದರಲ್ಲೇ ಈ ಕೆಲಸ ಮಾಡಿ, ಹೋಬಳಿ ಹೋಬಳಿಗೆ ಹೋಗಿ "ನಿಮ್ಮಲ್ಲಿ ವರ್ಷಕ್ಕೆ ಇಷ್ಟು, ಕಾರಣ ಇಂಥವು, ಬೀಡಿ ಇಷ್ಟು, ಸಕ್ಕರೆ ಕಾಯಿಲೆ ಇಷ್ಟು" ಎಂದು ಹೇಳಿದ್ದರೆ, 2025ರ ಜೂನ್‌ನಲ್ಲಿ ಆ ತಾಲ್ಲೂಕಿನ ಆಶಾ ಕಾರ್ಯಕರ್ತೆಯ ಬಳಿ ಉತ್ತರವಿರುತ್ತಿತ್ತು. ನಾನು ನೋಡಿದ ಚರ್ಚೆಗಳಲ್ಲಿ ಯಾವ ಪ್ರಬಂಧದ ಹೆಸರೂ ಬರಲಿಲ್ಲ.

ಪಕ್ಕದ ಮೈಸೂರಿನ ಉದಾಹರಣೆ ಇನ್ನೂ ಚುಚ್ಚುತ್ತದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟಿತ್ತು. ಆ ದಾಖಲೆ ಹಿಡಿದು 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ನಡುವಯಸ್ಸಿನ ಹೃದ್ರೋಗ ಹೆಚ್ಚು ಎಂದು 1996ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ತಾಯಿಯ ಹೊಟ್ಟೆಯ ಊಟಕ್ಕೂ ಮಗನ ಹೃದಯಕ್ಕೂ ಇರುವ ನಂಟು ಜಗತ್ತಿಗೆ ತಿಳಿದ ದಾರಿಗಳಲ್ಲಿ ಮೈಸೂರೂ ಒಂದು. ಹಾಸನ ಭಯದಲ್ಲಿ ನಡುಗಿದ ಆ ತಿಂಗಳುಗಳಲ್ಲಿ ಈ ಸಂಗತಿಯನ್ನು ಕನ್ನಡದಲ್ಲಿ ಯಾರಾದರೂ ಹೇಳಿದ್ದರೆ ಜನ ಬರೀ ಇಸಿಜಿಗೆ ಓಡುವ ಬದಲು ಬಸುರಿ ಹೆಂಗಸರ ತಟ್ಟೆಯ ಕಡೆಗೂ ನೋಡುತ್ತಿದ್ದರು. ಅತ್ಯುತ್ತಮ ಜರ್ನಲ್ಲಿನಲ್ಲಿ ಅಚ್ಚಾಗಿ ಸುಮಾರು ಮೂವತ್ತು ವರ್ಷವಾದರೂ ತಿಳಿವಳಿಕೆ ಪಕ್ಕದ ಜಿಲ್ಲೆಗೆ ನಡೆದು ಬರಲಿಲ್ಲ. ಪ್ರಕಟಣೆಯೇ ಕೊನೆ ಎಂದು ನಂಬಿದವರು ಇದಕ್ಕೆ ಉತ್ತರ ಹೇಳಬೇಕು.

"ಹಳ್ಳಿಯವರಿಗೆ ಫಲಿತಾಂಶ ಹೇಳಿದರೆ ಗಾಬರಿಯಾಗುತ್ತಾರೆ" ಎನ್ನುವವರಿಗೂ ನನ್ನ ಉತ್ತರ ಇದೇ. ಹೇಳದೆ ಇದ್ದದ್ದರಿಂದಲೇ ಗಾಬರಿಯಾದರು.

ಕನ್ನಡದಲ್ಲಿ ಇದನ್ನೆಲ್ಲ ಹೇಳಲು ಪದಗಳಿಲ್ಲ ಎಂಬ ವಾದಕ್ಕೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಅನುಪಮಾ ನಿರಂಜನ ಹೆರಿಗೆ, ದಾಂಪತ್ಯ, ಶಿಶುಪಾಲನೆಯನ್ನು ಕನ್ನಡದ ಹೆಣ್ಣುಮಕ್ಕಳಿಗೆ ಬರೆದು ತಿಳಿಸಿದ್ದು ದಶಕಗಳ ಹಿಂದೆ. ಡಾ. ಸಿ.ಆರ್. ಚಂದ್ರಶೇಖರ್ ನಿಮ್ಹಾನ್ಸ್‌ನಲ್ಲಿದ್ದುಕೊಂಡೇ ಮನಸ್ಸಿನ ಕಾಯಿಲೆಗಳ ಬಗ್ಗೆ, ಕಲಬುರಗಿಯ ಡಾ. ಪಿ.ಎಸ್. ಶಂಕರ್ ದೇಹದ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಬರೆದ ಪುಸ್ತಕಗಳು ಒಂದು ಕಪಾಟು ತುಂಬುತ್ತವೆ. ಅಲ್ಲದೆ ಪ್ರಶ್ನಾವಳಿಯೇ ಕನ್ನಡದಲ್ಲಿತ್ತಲ್ಲ. ಪ್ರಶ್ನೆ ಕೇಳಲು ಸಾಲುವ ಭಾಷೆ ಉತ್ತರ ಹೇಳಲು ಸಾಲದೆ ಹೋಗುವುದಿಲ್ಲ. "ಬೀಡಿ ಸೇದುವ ನೂರು ಮಂದಿಯಲ್ಲಿ ಇಷ್ಟು ಜನಕ್ಕೆ, ಸೇದದ ನೂರು ಮಂದಿಯಲ್ಲಿ ಇಷ್ಟು ಜನಕ್ಕೆ" ಎಂದರೆ ಅರಸೀಕೆರೆ ಸಂತೆಯಲ್ಲಿ ಕೊಬ್ಬರಿಯ ದರ, ತೇವಾಂಶ, ಕಮಿಷನ್ ಮೂರನ್ನೂ ಬಾಯಲ್ಲೇ ಲೆಕ್ಕ ಹಾಕುವವರಿಗೆ ಅರ್ಥವಾಗದೆ ಇರುವುದಿಲ್ಲ.

ವಿದ್ಯಾರ್ಥಿಗಳ ಮೇಲೆ ಇನ್ನೊಂದು ಹೊರೆ ಹಾಕಬೇಡಿ ಎನ್ನುವವರ ಮಾತನ್ನು ಮಾತ್ರ ನಾನು ಗೌರವದಿಂದ ಕೇಳುತ್ತೇನೆ. ಸಾರ್ವಜನಿಕ ಆರೋಗ್ಯದಲ್ಲಿ ಪಿಎಚ್‌ಡಿಗೆ ಸೇರುವವರಲ್ಲಿ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತ, ಮನೆ ನೋಡಿಕೊಳ್ಳುತ್ತ ಓದುವ ಹೆಣ್ಣುಮಕ್ಕಳಿದ್ದಾರೆ. ಫೆಲೋಶಿಪ್ ಇಲ್ಲದೆ ಸಂಬಳದಲ್ಲೇ ಶುಲ್ಕ ಕಟ್ಟುವವರಿದ್ದಾರೆ. ಅವರಿಗೆ ನೀತಿ ಸಮಿತಿಯ ಅನುಮತಿ ಬರುವ ಹೊತ್ತಿಗೆ ತಿಂಗಳುಗಳು ಹೋಗಿರುತ್ತವೆ. ಅದಕ್ಕೇ ನಾನು ಸೇರಿಸಿ ಎನ್ನುತ್ತಿಲ್ಲ, ಬದಲಿಸಿ ಎನ್ನುತ್ತಿದ್ದೇನೆ. ಸಮ್ಮೇಳನದ ಎರಡು ಸರ್ಟಿಫಿಕೇಟ್ ತೆಗೆಯಿರಿ. ನೋಂದಣಿ ಶುಲ್ಕ, ರೈಲು, ಲಾಡ್ಜು ಎಂದು ಆಗುವ ಖರ್ಚಿನಲ್ಲಿ ಹೋಬಳಿಗೊಂದು ಸಭೆ ಮಾಡಿ ಬಂದವರಿಗೆಲ್ಲ ಕಾಫಿ ಕೊಡಬಹುದು. ದುಡ್ಡು ಕಟ್ಟಿ ಅಚ್ಚು ಹಾಕಿಸುವ ಪೇಪರಿನ ಕಡ್ಡಾಯ ತೆಗೆಯಿರಿ. ಒಳ್ಳೆಯ ಜರ್ನಲ್ಲಿಗೆ ಕಳಿಸುವವರು ಪದವಿ ಬಂದ ಮೇಲೆ ನಿಧಾನವಾಗಿ ಕಳಿಸಲಿ. ಊರಿನ ತಿದ್ದುಪಡಿ ಪಡೆದ ಲೇಖನ ಇನ್ನೂ ಗಟ್ಟಿಯಾಗಿರುತ್ತದೆ.

ನಿಜವಾದ ಕಷ್ಟ ಇನ್ನೊಂದು ಕಡೆ ಇದೆ. ಎಲ್ಲವನ್ನೂ ಎಲ್ಲರ ಮುಂದೆ ಹೇಳಲಾಗದು. ಎಚ್‌ಐವಿ, ಕ್ಷಯ, ಗರ್ಭಪಾತ, ಕುಡಿತ, ಮನೆಯೊಳಗಿನ ಹೊಡೆತ ಇವುಗಳ ಮೇಲಿನ ಸಂಶೋಧನೆಯನ್ನು ಗ್ರಾಮಸಭೆಯಲ್ಲಿ ಓದಿದರೆ ಒಂದು ಕೇರಿಯ ಕಡೆಗೆ ಬೆರಳು ತೋರಿಸಿದಂತಾಗುತ್ತದೆ. ಹಂದಿಗೋಡು ಕಾಯಿಲೆಯನ್ನು ನೆನೆಯಿರಿ. ಸಾಗರ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಈ ಮೂಳೆ-ಕೀಲುಗಳ ಕಾಯಿಲೆ ಹೆಚ್ಚಾಗಿ ದಲಿತ ಕುಟುಂಬಗಳನ್ನೇ ಹಿಡಿಯಿತು. ಸಂಶೋಧನಾ ತಂಡಗಳು ಒಂದರ ಹಿಂದೆ ಒಂದು ಬಂದವು. ಪೂರ್ತಿ ಗುಣಪಡಿಸುವ ಚಿಕಿತ್ಸೆ ಇವತ್ತಿಗೂ ಇಲ್ಲ. ಊರಿನ ಹೆಸರೇ ಕಾಯಿಲೆಯ ಹೆಸರಾಯಿತು, ಆ ಮನೆಗಳ ಮಕ್ಕಳ ಮದುವೆಯ ಮಾತಿನಲ್ಲೂ ಅದು ಬಂದು ನಿಂತಿತು. ಹಾಗಾಗಿ ಏನನ್ನು, ಯಾರ ಮುಂದೆ, ಯಾವ ರೂಪದಲ್ಲಿ ಹೇಳಬೇಕೆಂಬುದನ್ನು ನೀತಿ ಸಮಿತಿ ಒಪ್ಪಿಗೆ ಪತ್ರದ ಜೊತೆಗೇ ಮೊದಲ ದಿನ ತೀರ್ಮಾನಿಸಬೇಕು. ಕೆಲವು ಫಲಿತಾಂಶ ಗ್ರಾಮಸಭೆಗೆ, ಕೆಲವು ಸ್ತ್ರೀಶಕ್ತಿ ಸಂಘಕ್ಕೆ, ಕೆಲವು ಕಾಯಿಲೆಯವರ ಕೂಟಕ್ಕೆ ಮಾತ್ರ. ಹೇಗೆ ಹೇಳಬೇಕೆಂಬ ಕಷ್ಟ ಹೇಳದಿರುವುದಕ್ಕೆ ನೆಪವಾಗಬಾರದು. ಹಂದಿಗೋಡಿನವರಿಗೆ ಆದ ಅವಮಾನ ಹೊರಗಿನವರು ಅವರ ಬಗ್ಗೆ ಮಾತಾಡಿದ್ದರಿಂದ ಆದದ್ದು, ಅವರೊಂದಿಗೆ ಮಾತಾಡಿದ್ದರಿಂದ ಅಲ್ಲ.

ಇದು ಎಲ್ಲೂ ಇಲ್ಲದ ಬೇಡಿಕೆಯೇನಲ್ಲ. ನೆದರ್ಲೆಂಡ್ಸ್‌ನಲ್ಲಿ ಇಂಗ್ಲಿಷ್ ಪ್ರಬಂಧದ ಕೊನೆಗೆ ಡಚ್ ಭಾಷೆಯ ಸಾರಾಂಶ ಇರುವುದು ವಾಡಿಕೆ, ಮಂಡನೆಯ ಸಭೆಗೆ ಮನೆಯವರು, ನೆರೆಯವರು ಬಂದು ಕೂರುತ್ತಾರೆ. ಸ್ವೀಡನ್ನಿನಲ್ಲಿ ಮಂಡನೆಗೆ ಮೂರು ವಾರ ಮುಂಚೆ ಪ್ರಬಂಧವನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಹಲಗೆಗೆ ಮೊಳೆ ಹೊಡೆದು ನೇತುಹಾಕುವ ಸಂಪ್ರದಾಯ ಉಳಿದಿದೆ. ಅಮೆರಿಕದಲ್ಲಿ ಸಾರ್ವಜನಿಕ ಆರೋಗ್ಯ ಶಾಲೆಗಳಿಗೆ ಮಾನ್ಯತೆ ಕೊಡುವ ಮಂಡಳಿ, ಡಿಆರ್‌ಪಿಎಚ್ ಎಂಬ ಸಾರ್ವಜನಿಕ ಆರೋಗ್ಯದ ಡಾಕ್ಟರೇಟ್ ಪದವಿಗೆ ಓದುವವರು ಹೊರಗಿನ ಒಂದು ಸಂಸ್ಥೆಗೆ ನಿಜವಾಗಿ ಉಪಯೋಗವಾಗುವ ಕೆಲಸವನ್ನು ಮಾಡಿಕೊಟ್ಟಿರಲೇಬೇಕು ಎಂದು ವಿಧಿಸಿದೆ. ನಮ್ಮಲ್ಲಿ ವೈವಾ ಬಹಿರಂಗ ಎಂದು ನಿಯಮ ಹೇಳುತ್ತದೆ, ಆದರೆ ಬರಬಹುದಾದವರ ಪಟ್ಟಿಯಲ್ಲಿರುವುದು ಸಲಹಾ ಸಮಿತಿ, ವಿಭಾಗದ ಅಧ್ಯಾಪಕರು, ಇತರ ಸಂಶೋಧಕರು, ವಿದ್ಯಾರ್ಥಿಗಳು. ಒಂದು ತೊಟ್ಟು ರಕ್ತ ಕೊಟ್ಟವರಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ.

ಹಾಸನದ ಆ ಮೂರೂ ಊರುಗಳ ನೆಲ ಬಹಿರಂಗ ದಾಖಲೆಯ ನೆಲ. ಬೇಲೂರು, ಹಳೇಬೀಡು, ಅರಸೀಕೆರೆಯ ಹೊಯ್ಸಳ ಶಾಸನಗಳು ದಾನ ಕೊಟ್ಟ ಭೂಮಿಯ ಎಲ್ಲೆಯನ್ನು ಕನ್ನಡದಲ್ಲಿ, ಕಲ್ಲಿನಲ್ಲಿ, ನಡೆದಾಡುವವರ ಕಣ್ಣಿಗೆ ಬೀಳುವಂತೆ ನಿಲ್ಲಿಸಿದವು. ಹೊಗಳಿಕೆಯ ಭಾಗ ಕೆಲವೊಮ್ಮೆ ಸಂಸ್ಕೃತದಲ್ಲಿದ್ದರೂ ಎಲ್ಲೆ, ಅಳತೆ, ಯಾರಿಗೆ ಎಷ್ಟು ಎಂಬ ಭಾಗ ಊರಿನ ಭಾಷೆಯಲ್ಲಿತ್ತು, ಏಕೆಂದರೆ ತಕರಾರು ಬಂದರೆ ಸರಿ-ತಪ್ಪು ನೋಡುವವರು ಊರಿನವರು. ಸಂಶೋಧನೆಯ ಸಿದ್ಧಾಂತ ಇಂಗ್ಲಿಷಿನಲ್ಲಿರಲಿ, ನನ್ನ ತಕರಾರಿಲ್ಲ. ನಮ್ಮ ನೀರು, ನಮ್ಮ ಸಾವು, ನಮ್ಮ ಮಕ್ಕಳ ತೂಕದ ಲೆಕ್ಕ ನಾವು ಓದಿ ತಕರಾರು ಎತ್ತಬಹುದಾದ ಭಾಷೆಯಲ್ಲಿರಬೇಕು.

ಇದೂ ಒಂದು ಫಾರ್ಮಾಲಿಟಿ ಆಗುತ್ತದೆ, ಬ್ಯಾನರ್ ಕಟ್ಟಿ ಫೋಟೋ ತೆಗೆಸಿ ಪಿಡಿಒ ಸಹಿ ಹಾಕಿಸಿಕೊಂಡು ಹೋಗುತ್ತಾರೆ ಎಂದು ಅನುಭವಸ್ಥರು ಎಚ್ಚರಿಸುತ್ತಾರೆ. ನಿಜ, ಆಗಬಹುದು. ಅದಕ್ಕೆ ಸಹಿಯನ್ನೇ ನಂಬದ ನಿಯಮ ಬೇಕು. ಹೊರಗಿನ ಪರೀಕ್ಷಕರಲ್ಲಿ ಒಬ್ಬರು ಆ ತಾಲ್ಲೂಕಿಗೆ ಬಂದು ಕೂತಿರಬೇಕು. ವೈವಾವನ್ನು ಆನ್‌ಲೈನ್‌ನಲ್ಲಿ ನಡೆಸಲು ಈಗ ಅವಕಾಶವಿರುವುದರಿಂದ ಪರೀಕ್ಷಕರ ಪ್ರಯಾಣದ ಖರ್ಚು ಉಳಿದಿದೆ, ಆ ಖರ್ಚನ್ನು ಇಲ್ಲಿ ಹಾಕಲಿ. ಸಭೆಯಲ್ಲಿ ಬಂದ ಪ್ರಶ್ನೆಗಳು, ಸಂಶೋಧಕರು ಕೊಟ್ಟ ಉತ್ತರಗಳು, ಅದರಿಂದ ಪ್ರಬಂಧದಲ್ಲಿ ಆದ ಬದಲಾವಣೆಗಳು ಒಂದು ಅಧ್ಯಾಯವಾಗಿ ಪ್ರಬಂಧದಲ್ಲೇ ಇರಬೇಕು. ಒಂದೂ ಪ್ರಶ್ನೆ ಬರಲಿಲ್ಲ ಎಂದು ಬರೆದ ಅಧ್ಯಾಯವನ್ನು ಪರೀಕ್ಷಕರು ವಾಪಸ್ಸು ಕಳಿಸಬೇಕು. ಮನೆಮನೆಗೆ ಕರೆದೊಯ್ದ ಆಶಾ ಕಾರ್ಯಕರ್ತೆಗೆ ಆ ದಿನದ ಭತ್ಯೆ ಕೊಡಬೇಕು, ಮತ್ತು ಅವಳ ಕೈಗೆ ಕನ್ನಡದ ನಾಲ್ಕು ಪುಟ ಸೇರಬೇಕು. ಮುಂದಿನ ಸಂಶೋಧಕ ಬಂದಾಗ "ಇದನ್ನು ಆಗಲೇ ಕೇಳಿದ್ದಾರೆ, ಉತ್ತರ ಇಲ್ಲಿದೆ" ಎಂದು ಹೇಳುವ ಹಕ್ಕು ಅವಳಿಗಿರಬೇಕು.

ಇದಕ್ಕೆ ದೆಹಲಿಯ ದಾರಿ ಕಾಯಬೇಕಾಗಿಲ್ಲ. ಯುಜಿಸಿ ಹೇಳುವುದು ಕನಿಷ್ಠ ಮಾನದಂಡ. ಅದರ ಮೇಲೆ ಸೇರಿಸುವ ಅಧಿಕಾರ ವಿಶ್ವವಿದ್ಯಾಲಯಗಳಿಗಿದೆ. ಆ ಅಧಿಕಾರವನ್ನು ಬಳಸಿಯೇ ಅವು ಪೇಪರಿನ ಕಡ್ಡಾಯವನ್ನು ಉಳಿಸಿಕೊಂಡಿವೆ. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಪಿಎಚ್‌ಡಿ ನಿಯಮಕ್ಕೆ ಒಂದು ಕಲಂ ಸೇರಿಸಿದರೆ ಸಾಕು, ರಾಜ್ಯದ ಸರ್ಕಾರಿ ವೈದ್ಯಕೀಯ ಕಾಲೇಜುಗಳಿಗೆಲ್ಲ ಅದು ಅನ್ವಯವಾಗುತ್ತದೆ. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿಂದ ಅರಸೀಕೆರೆಗೆ ಒಂದು ಗಂಟೆಯ ದಾರಿ, ಬೇಲೂರಿಗೂ ಹೆಚ್ಚುಕಡಿಮೆ ಅಷ್ಟೇ. ಮುಂದಿನ ಸಾಲಿನ ನೋಂದಣಿಯಿಂದಲೇ ಈ ಕಲಂ ಜಾರಿಗೆ ಬರಲಿ, ಮೊದಲ ಮಂಡನೆ ಅರಸೀಕೆರೆ ತಾಲ್ಲೂಕು ಪಂಚಾಯಿತಿಯ ಸಭಾಂಗಣದಲ್ಲಿ, ನೀರಿನ ವಿಷಯದಲ್ಲೇ ಆಗಲಿ.